ಆರ್ಡರ್ ಕೈಗೆ ಬಂದ ಮೇಲಿನ ಓದು

ಮಗಳೇ, ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ನಿನ್ನ ಆರ್ಡರ್ ಬಂತೆಂದು ನಿಮ್ಮಪ್ಪ ಫೋನ್ ಮಾಡಿದ. ತುಂಬ ಸಂತೋಷವಾಯಿತು. ಮಾತಿನ ಕೊನೆಗೆ ಅವನೇ ಹೇಳಿದ: "ಓದಿ ಓದಿ ಸಾಕಾಗಿದೆಯಂತೆ ಅವಳಿಗೆ. ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳೆ." ಹಾಕು, ತಪ್ಪಿಲ್ಲ. ಸಾಮಾನ್ಯ ಜ್ಞಾನದ ಗೈಡು, ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು, ಪ್ರಚಲಿತ ವಿದ್ಯಮಾನದ ಮಾಸಪತ್ರಿಕೆ ಇವುಗಳ ಕೆಲಸ ಮುಗಿಯಿತು. ಮುಂದಿನ ಸಲ ಪರೀಕ್ಷೆ ಬರೆಯುವ ಮಕ್ಕಳಿಗೆ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಕೆಲಸ ಸಿಗಲಿ ಎಂದು ಓದುವುದು ಬೇರೆ, ಸಿಕ್ಕ ಕೆಲಸವನ್ನು ಸರಿಯಾಗಿ ಮಾಡಲು ಓದುವುದು ಬೇರೆ. ಕಂದಾಯ ಇಲಾಖೆಯಲ್ಲೇ ತಲೆ ನರೆತವನು ನಾನು. ಆ ಎರಡನೇ ಓದಿನ ಬಗ್ಗೆ ನಿನಗೆ ಹೇಳಲೇಬೇಕು ಅನ್ನಿಸಿದೆ.

ನಾಳೆಯಿಂದ ನಿನ್ನ ಮೇಜಿನ ಮುಂದೆ ಬರುವವರನ್ನು ನೆನೆಸಿಕೋ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬರುತ್ತಾಳೆ ಅಂತಿಟ್ಟುಕೋ. ತೀರಿಕೊಂಡ ಗಂಡನ ಹೆಸರಿನ ಜಮೀನಿಗೆ ಪೌತಿ ಖಾತೆ ಆಗಬೇಕು. ಹಳೇ ಪಹಣಿ, ಮಡಿಕೆಯಲ್ಲಿ ಹರಿದ ಕ್ರಯಪತ್ರದ ಜೆರಾಕ್ಸ್, ರೇಷನ್ ಕಾರ್ಡು, ಮೊಮ್ಮಗನ ಆಧಾರ್ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು ಬಂದಿರುತ್ತಾಳೆ. ಏನಜ್ಜಿ ಎಂದರೆ ಖಾತೆಯ ಮಾತೆತ್ತುವುದಿಲ್ಲ. ಬಾವಿ ತೋಡಿಸಿದ ವರ್ಷದಿಂದ ಶುರು ಮಾಡುತ್ತಾಳೆ. ಮೈದುನ ಜಗಳವಾಡಿಕೊಂಡು ಕಾಫಿ ತೋಟದ ಕೆಲಸಕ್ಕೆ ಹೋದದ್ದು, ಅತ್ತೆ ಹಾಸಿಗೆ ಹಿಡಿದದ್ದು, ಗಂಡ ಇನ್ನೊಬ್ಬಳನ್ನು ಮಾಡಿಕೊಂಡದ್ದು. ಹಿಂದೆ ಜನ ಸಾಲು ನಿಂತಿರುತ್ತಾರೆ. "ವಿಷಯಕ್ಕೆ ಬಾರಜ್ಜಿ" ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ಅವಳ ವಿಷಯ ಇರುವುದೇ ಅಲ್ಲಿ, ಮಗಳೇ. ವಂಶವೃಕ್ಷದಲ್ಲಿ ಕಾಣದ ಮೈದುನ, ಯಾರೂ ಹೆಸರು ಸೇರಿಸದ ಎರಡನೇ ಹೆಂಡತಿಯ ಮಕ್ಕಳು, ಎಲ್ಲರೂ ಆ ಕಥೆಯ ಮೊದಲ ಭಾಗದಲ್ಲೇ ಬಂದು ಹೋಗಿರುತ್ತಾರೆ. ಅದನ್ನು ಕೇಳಿಸಿಕೊಳ್ಳದೆ ವರದಿ ಹಾಕಿದರೆ ಆಮೇಲೆ ತಕರಾರು ಅರ್ಜಿ ಬರುತ್ತದೆ, ಎಸಿ ಕೋರ್ಟಿಗೆ ಹೋಗುತ್ತದೆ, ವಕೀಲರ ಫೀಸಿಗೆ ಅಜ್ಜಿ ಕುರಿ ಮಾರಬೇಕಾಗುತ್ತದೆ.

ಕಥೆ ಕಾದಂಬರಿ ಓದುವವರಿಗೆ ಇದನ್ನು ಕೇಳುವ ತಾಳ್ಮೆ ಇರುತ್ತದೆ. ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ನೂರು ಪುಟ ದಾಟಿದ ಮೇಲೆ ಮೊದಲ ಅಧ್ಯಾಯದ ಒಂದು ಮಾತಿಗೆ ಅರ್ಥ ಬರುವುದನ್ನು ಮತ್ತೆ ಮತ್ತೆ ಅನುಭವಿಸಿದವರು, ಎದುರಿಗಿರುವವರು ಎಲ್ಲಿಂದ ಶುರು ಮಾಡಿದರೂ ಕಿವಿಗೊಡುತ್ತಾರೆ. ಯಾರ ಹೆಸರು ಎಲ್ಲಿ ಬಂತು, ಬರಬೇಕಾದ ಕಡೆ ಯಾರ ಹೆಸರು ಬರಲಿಲ್ಲ ಎಂಬುದನ್ನು ಗಮನಿಸುತ್ತಾರೆ. ತರಬೇತಿಯಲ್ಲಿ ನಿನಗೆ ಕಾಯ್ದೆ ಹೇಳಿಕೊಡುತ್ತಾರೆ, ತಂತ್ರಾಂಶ ಹೇಳಿಕೊಡುತ್ತಾರೆ. ಇದನ್ನು ನೀನೇ ಕಲಿತುಕೊಳ್ಳಬೇಕು.

ನಿನ್ನ ಪೋಸ್ಟಿಂಗ್ ಅರಸೀಕೆರೆ ತಾಲ್ಲೂಕಿಗೆ ಆಗಿರುವುದರಿಂದ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಓದು. ಅವರು ಹುಟ್ಟಿದ ಸಂತೇಶಿವರ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನದು. ಕಾದಂಬರಿಯ ಕಾಲ ಸ್ವಾತಂತ್ರ್ಯಕ್ಕೆ ಹಿಂದಿನದು, ಸೀಮೆ ಮಾತ್ರ ನೀನು ಓಡಾಡಲಿರುವ ಸೀಮೆಯೇ. ಅದರಲ್ಲಿ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯುವವಳು ಅವನ ಹೆಂಡತಿ ನಂಜಮ್ಮ. ಗಂಡನಿಗೆ ಊಟದ ಮೇಲಷ್ಟೇ ಗಮನ, ಅತ್ತೆಯ ಬಾಯಿಗೆ ಲಗಾಮಿಲ್ಲ, ಊರಿಗೆ ಪ್ಲೇಗು ಬೀಳುತ್ತದೆ. ಇಷ್ಟರ ನಡುವೆ ಅವಳು ಊರಿನ ಕಂದಾಯದ ಲೆಕ್ಕ ಬರೆದು ಮನೆ ನಿಲ್ಲಿಸುತ್ತಾಳೆ. ವಂಶಪಾರಂಪರ್ಯದ ಶ್ಯಾನುಭೋಗಿಕೆಯನ್ನು ತೆಗೆದುಹಾಕಿದ್ದು 1961ರ ಕಾಯ್ದೆ. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಆ ಹೆಸರೇ ಈಚೆಗೆ ಗ್ರಾಮ ಆಡಳಿತಾಧಿಕಾರಿ ಎಂದಾಗಿದೆ. ನಂಜಮ್ಮ ಬರೆದಂಥ ಲೆಕ್ಕವೇ ಈಗ ನಿನ್ನ ಪಾಲಿಗೆ ಬಂದಿದೆ. ಅವಳು ಗಂಡನ ಹೆಸರಿನಲ್ಲಿ ಬರೆದಳು, ನಿನ್ನ ಆರ್ಡರಿನಲ್ಲಿ ನಿನ್ನದೇ ಹೆಸರಿದೆ. ಇದನ್ನು ತಿಳಿದುಕೊಂಡು ಆ ಕುರ್ಚಿಯಲ್ಲಿ ಕೂರುವುದಕ್ಕೂ ತಿಳಿಯದೆ ಕೂರುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೇನೆ.

ದೊಡ್ಡ ಪುಸ್ತಕ ಈಗಲೇ ಬೇಡ ಅನ್ನಿಸಿದರೆ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಹಿಡಿ. ಒಂದು ಸಂಜೆಗೆ ಮುಗಿಯುತ್ತದೆ. ತಬರ ಪುರಸಭೆಯಲ್ಲಿ ಸಣ್ಣ ಕೆಲಸದಲ್ಲಿದ್ದು ನಿವೃತ್ತನಾದವನು. ಸಕ್ಕರೆ ಕಾಯಿಲೆಯ ಹೆಂಡತಿಗೆ ಕಾಲಿನಲ್ಲಿ ಗಾಯ, ಚಿಕಿತ್ಸೆಗೆ ಪಿಂಚಣಿ ಹಣ ಬೇಕು. ಕಚೇರಿಯಲ್ಲಿ ಯಾರೂ ಅವನನ್ನು ಹೊಡೆಯುವುದಿಲ್ಲ. ಅವನ ಮೇಲೆ ಹಗೆ ಇಟ್ಟುಕೊಂಡವರೂ ಇಲ್ಲ. ನಾಳೆ ಬಾ ಅನ್ನುತ್ತಾರೆ, ಈ ಕಾಗದ ತಾ ಅನ್ನುತ್ತಾರೆ, ಅಷ್ಟೇ. ಕಡತ ಒಂದೊಂದೇ ಮೇಜು ದಾಟುವ ಹೊತ್ತಿಗೆ ಮನೆಯಲ್ಲಿ ಗಾಯ ಮೇಲೇರುತ್ತಿರುತ್ತದೆ. ಗಿರೀಶ ಕಾಸರವಳ್ಳಿಯವರು ಇದನ್ನು ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ನೋಡು, ಒಳ್ಳೆಯದೇ. ಆದರೆ ಮೊದಲು ಓದು. ಸಿನಿಮಾದಲ್ಲಿ ತಬರ ಬೇರೆಯವನಾಗಿ ತೆರೆಯ ಮೇಲೆ ಇರುತ್ತಾನೆ. ಓದುವಾಗ ಕಚೇರಿಯ ಬಾಗಿಲಲ್ಲಿ ಕಾದು ನಿಲ್ಲುವ ಸಂಕಟ ನಿನ್ನದೇ ಆಗುತ್ತದೆ. "ನಾಳೆ ಬನ್ನಿ" ಎನ್ನುವ ಮುಂಚೆ ಆ ಸಂಕಟ ಒಮ್ಮೆ ನೆನಪಾದರೆ ಸಾಕು. ಎಷ್ಟೋ ಸಲ ಅದೇ ಕೆಲಸ ಇವತ್ತೇ ಆಗಿಬಿಡುತ್ತದೆ, ಒಂದು ಸಹಿ ಬಾಕಿ ಇರುತ್ತದೆ ಅಷ್ಟೆ.

ಕೆಲಸದ ನಡುವೆ ಓದುವುದಕ್ಕೆ ಎಲ್ಲಿ ಪುರಸೊತ್ತು ಎಂದು ನೀನು ಕೇಳುತ್ತೀಯ. ಮಾಸ್ತಿಯವರು ಅಸಿಸ್ಟೆಂಟ್ ಕಮಿಷನರ್ ಆಗಿ ಮೈಸೂರು ಸರ್ಕಾರದ ನೌಕರಿಗೆ ಸೇರಿ ಎಕ್ಸೈಸ್ ಕಮಿಷನರ್ ತನಕ ಹೋದವರು. 1943ರಲ್ಲಿ ರಾಜೀನಾಮೆ ಕೊಡುವವರೆಗೂ ಕಡತ ನೋಡುತ್ತಲೇ ಕಥೆ ಬರೆದರು. ನವರತ್ನ ರಾಮರಾಯರು ಅಮಲ್ದಾರರಾಗಿದ್ದ ಕಾಲದ ಅನುಭವಗಳನ್ನು 'ಕೆಲವು ನೆನಪುಗಳು' ಪುಸ್ತಕದಲ್ಲಿ ಬರೆದಿದ್ದಾರೆ. ಕಂದಾಯ ಇಲಾಖೆಗೆ ಹೊಸದಾಗಿ ಬಂದವರೆಲ್ಲ ಓದಬೇಕಾದ ಪುಸ್ತಕ ಅದು.

ಓದಿನಿಂದ ಇನ್ನೊಂದು ಲಾಭ ಬರವಣಿಗೆಗೆ. ನೀನು ಬರೆಯುವ ಹಿಂಬರಹ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸು. "ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲಾತಿಗಳನ್ನು ಲಗತ್ತಿಸದೇ ಇರುವ ಕಾರಣ ಅರ್ಜಿಯನ್ನು ವಿಲೇಗೊಳಿಸಲಾಗಿದೆ" ಎಂದು ಬರೆದರೆ ಆ ಕಾಗದ ಹಿಡಿದುಕೊಂಡು ಅಜ್ಜಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ಕೇಳಬೇಕು. "ನಿಮ್ಮ ಗಂಡನ ಮರಣ ಪ್ರಮಾಣಪತ್ರ ಅರ್ಜಿಯ ಜೊತೆ ಇಲ್ಲ. ಅದನ್ನು ಸೇರಿಸಿ ಮತ್ತೆ ಅರ್ಜಿ ಕೊಡಿ" ಎಂದು ಬರೆದರೆ ಅವಳ ಮೊಮ್ಮಗನೇ ಓದಿ ಹೇಳುತ್ತಾನೆ. ಯಾವ ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ದಿನವಿಡೀ ಸುತ್ತೋಲೆ ಮಾತ್ರ ಓದುವವರ ಕೈಯಲ್ಲಿ ಸುತ್ತೋಲೆಯ ಕನ್ನಡವೇ ಬರುತ್ತದೆ. ಒಳ್ಳೆಯ ಕನ್ನಡ ಓದುತ್ತಿದ್ದರೆ ಜನರಿಗೆ ತಿಳಿಯುವಂತೆ ಬರೆಯುವುದು ಹೇಗೆಂದು ತಾನಾಗಿ ಹೊಳೆಯುತ್ತದೆ.

ನಮ್ಮ ಮನೆಯೊಳಗೆ ಕಾಣದ ಬದುಕುಗಳನ್ನು ಓದು ಎಂಬುದನ್ನಂತೂ ಒತ್ತಿ ಹೇಳುತ್ತೇನೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಆ ಕಥೆಗಳನ್ನು ತೆರೆದು ಓದುವುದು ಅದಕ್ಕಿಂತ ದೊಡ್ಡ ಗೌರವ. ಅವರ 'ಕರಿ ನಾಗರಗಳು' ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಗೆ ಬಂದು ಕೂರುತ್ತಾಳೆ. ಅಂಥವಳೇ ಒಬ್ಬಳು ಪಿಂಚಣಿಗೆಂದು ನಿನ್ನ ಕಚೇರಿಗೆ ಬಂದಾಳು. ದೇವನೂರ ಮಹಾದೇವರ 'ಒಡಲಾಳ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಕೂಡ ಓದು. ಕಚೇರಿಯ ಹೊಸಿಲು ತುಳಿಯಲೂ ಹಿಂಜರಿದು ಹೊರಗೇ ನಿಲ್ಲುವವರು ಯಾಕೆ ಹಾಗೆ ನಿಲ್ಲುತ್ತಾರೆ ಎಂಬುದು ಆಗ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಎದ್ದು ಹೋಗಿ ಒಳಗೆ ಕರೆಯಬೇಕು, ಕುರ್ಚಿ ತೋರಿಸಬೇಕು.

ಓದಿದವರೆಲ್ಲ ಒಳ್ಳೆಯವರೆಂದು ನಾನು ಹೇಳಲಾರೆ. ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಲೇ ಬಡವರನ್ನು ಬಿಸಿಲಿನಲ್ಲಿ ಕಾಯಿಸಿದ ಅಧಿಕಾರಿಯನ್ನೂ ಕಂಡಿದ್ದೇನೆ. ಓದು ದಾರಿ ತೋರಿಸುತ್ತದೆ, ನಡೆಯುವ ಕಾಲು ನಮ್ಮದೇ. ಅಷ್ಟಿದ್ದರೂ ಮನಸ್ಸಿದ್ದು ದಾರಿ ಕಾಣದವರೇ ನಮ್ಮ ಕಚೇರಿಗಳಲ್ಲಿ ಹೆಚ್ಚು. ನೀನು ಮನಸ್ಸಿರುವವಳು. ಅದಕ್ಕೇ ಇಷ್ಟೆಲ್ಲ ಹೇಳುತ್ತಿರುವುದು.

ದಿನಕ್ಕೆ ಹತ್ತು ಪುಟ ಸಾಕು. ಬಸ್ಸಿನಲ್ಲಾದರೂ ಸರಿ, ಮಲಗುವ ಮುಂಚೆಯಾದರೂ ಸರಿ, ಫೋನು ಕೈಗೆ ಎಟುಕದಷ್ಟು ದೂರದಲ್ಲಿರಲಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡು, ಇದರಲ್ಲಿ ಯಾರೂ ಅಂಕ ಹಾಕುವುದಿಲ್ಲ. ಎಲ್ಲವನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುತ್ತದೆ. ನಾವೆಲ್ಲ ಆ ಕರ ಕಟ್ಟುತ್ತೇವೆ, ಗ್ರಂಥಾಲಯದ ಒಳಗೆ ಕಾಲಿಡುವವರು ಕಡಿಮೆ. ಚಾರ್ಜ್ ತೆಗೆದುಕೊಂಡ ವಾರವೇ ನಿನ್ನ ವೃತ್ತದ ಪಂಚಾಯಿತಿ ಗ್ರಂಥಾಲಯ ಎಲ್ಲಿದೆ ಎಂದು ವಿಚಾರಿಸಿ ಸದಸ್ಯಳಾಗು. ಮೇಲ್ವಿಚಾರಕರನ್ನು ಪರಿಚಯ ಮಾಡಿಕೋ. ಇಲ್ಲಿ ಹೇಳಿದ ಪುಸ್ತಕಗಳು ಅಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದುಕೊಡು. ನಿನ್ನಂಥವರು ಕೇಳಿದರೆ ಆ ಊರಿನ ಬೇರೆ ಹೆಣ್ಣುಮಕ್ಕಳಿಗೂ ಅವು ಸಿಗುತ್ತವೆ. 'ಕೆಲವು ನೆನಪುಗಳು' ನನ್ನ ಹತ್ತಿರ ಇದೆ, ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ. ಓದಿ ಮುಗಿಸಿದ ಮೇಲೆ ಫೋನ್ ಮಾಡು.