ಕಲ್ಲಿದ್ದಲು ವಜ್ರ ಆಗುತ್ತಾ?

ಯೌವನಸ್ಥರೇ, ಈ ಸ್ಟೇಟಸ್ ನೀವೆಲ್ಲ ನೋಡಿರ್ತೀರಿ: ಒತ್ತಡ ತಾಳಿಕೊಂಡ ಕಲ್ಲಿದ್ದಲೇ ವಜ್ರವಾಗುತ್ತೆ ಅಂತ. ಕೇಳೋಕೆ ಚೆನ್ನಾಗಿದೆ, ಆದರೆ ನಿಜ ಅಲ್ಲ.

ಎರಡರಲ್ಲೂ ಇರೋದು ಇಂಗಾಲವೇ, ಹುಟ್ಟು ಮಾತ್ರ ಬೇರೆ. ಜೌಗು ನೆಲದಲ್ಲಿ ಬಿದ್ದ ಗಿಡಮರಗಳು ಪೂರ್ತಿ ಕೊಳೆಯುವ ಮೊದಲೇ ಮಣ್ಣಿನಡಿ ಹೂತುಹೋಗಿ, ಭಾರಕ್ಕೂ ಕಾವಿಗೂ ಕಲ್ಲಿದ್ದಲಾದವು. ವಜ್ರ ಹುಟ್ಟೋದು ಸಾಮಾನ್ಯವಾಗಿ 150 ಕಿಲೋಮೀಟರ್‌ಗಿಂತ ಆಳದಲ್ಲಿ. ಕಲ್ಲಿದ್ದಲ ಪದರಗಳು ಅಷ್ಟು ಕೆಳಗೆ ಇರೋದೇ ಇಲ್ಲ. ನಮ್ಮ ದುರ್ಗದ ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಮಳೆ ಬಂದ ಮೇಲೆ ಜನ ಹೊಲದಲ್ಲಿ ವಜ್ರ ಹುಡುಕ್ತಾರಲ್ಲ, ಆ ವಜ್ರಗಳನ್ನು ಮೇಲೆ ತಂದ ಕಿಂಬರ್ಲೈಟ್ ಶಿಲೆಗೆ ಭೂವಿಜ್ಞಾನಿಗಳು ಹೇಳೋ ವಯಸ್ಸು ಸುಮಾರು 110 ಕೋಟಿ ವರ್ಷ. ಅವರ ಲೆಕ್ಕದಲ್ಲಿ ಆಗ ನೆಲದ ಮೇಲೆ ಮರಗಳೇ ಇರಲಿಲ್ಲ. ಇನ್ನು ಕಲ್ಲಿದ್ದಲು ಎಲ್ಲಿಂದ ಬರಬೇಕು?

ಇದನ್ನು ಯಾಕೆ ಹೇಳ್ತಿದ್ದೀನಿ? ಹಿರಿಯೂರು, ಹೊಳಲ್ಕೆರೆ ಕಡೆಯಿಂದ ಬೆಂಗಳೂರಿಗೆ ಹೋದ ತಮ್ಮ ತಂಗಿಯರಲ್ಲಿ ಎಷ್ಟೋ ಜನ ನಿದ್ದೆ ಇಲ್ಲದ ಶಿಫ್ಟು, ಬೈಗುಳ, ಮನೆಯಲ್ಲಿ ಹೊಡೆತ, ಎಲ್ಲವನ್ನೂ "ದೇವರು ನನ್ನನ್ನ ವಜ್ರ ಮಾಡ್ತಿದ್ದಾರೆ" ಅಂತ ನುಂಗಿಕೊಳ್ತಾರೆ. ಪ್ರಿಯರೇ, ಭೂಮಿಯೊಳಗೆ ಕಾವು, ಒತ್ತಡ ಇನ್ನೂ ಹೆಚ್ಚಿದರೆ ಕಲ್ಲಿದ್ದಲು ಗ್ರಾಫೈಟ್ ಆಗಬಹುದು, ಅಂದ್ರೆ ಪೆನ್ಸಿಲ್ ಕಡ್ಡಿಯ ವಸ್ತು. ಅನ್ಯಾಯ ನಿಮ್ಮನ್ನು ಜಜ್ಜುತ್ತಿದ್ದರೆ ಬಾಯಿಬಿಟ್ಟು ಹೇಳಿ. ಅಲ್ಲಿಂದ ಹೊರಗೆ ಬನ್ನಿ. ಸಭೆ ನಿಮ್ಮ ಜೊತೆ ನಿಲ್ಲಬೇಕು.

ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದರೆ ನಮ್ಮ ಮನೆಗಳಿಗೆ ಕರೆಂಟು. ಅದು ಸೋತುಹೋದ ವಜ್ರವಲ್ಲ. ನೀವೂ ಈಗ ಇದ್ದ ಹಾಗೆಯೇ ಕರ್ತನಿಗೆ ಬೆಲೆಯುಳ್ಳವರು. ಆಮೆನ್.