ಇಳಿವಯಸ್ಸಿನಲ್ಲಿ ಶ್ರವಣಶಕ್ತಿ ಮತ್ತು ಶ್ರವಣ ಸಾಧನ

ಕಣ್ಣಿನ ದೋಷವನ್ನು ಜನರು ಬೇಗನೆ ಒಪ್ಪಿಕೊಳ್ಳುತ್ತಾರೆ. ನಲವತ್ತು ದಾಟಿದವರು ಕನ್ನಡಕ ಧರಿಸಿದರೆ ಅದು ಯಾರಿಗೂ ವಿಶೇಷವೆನಿಸುವುದಿಲ್ಲ. ಕಿವಿಯ ವಿಷಯದಲ್ಲಿ ಹಾಗಲ್ಲ. ಕಿವಿ ಮಂದವಾಗಿದೆ ಎಂದು ಹೇಳಿಕೊಳ್ಳಲು ಸಂಕೋಚ. ಹೇಳಿಕೊಂಡರೂ "ವಯಸ್ಸಾಯಿತು, ಇನ್ನೇನು" ಎಂಬ ಮಾತಿನಲ್ಲಿ ಪ್ರಸಂಗ ಮುಗಿದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ. ಇವರಲ್ಲಿ ಸುಮಾರು 43 ಕೋಟಿ ಜನರ ದೋಷವು ನೆರವಿಲ್ಲದೆ ನಿತ್ಯಜೀವನ ಕಷ್ಟವಾಗುವಷ್ಟು ತೀವ್ರವಾದುದು.

ಕೇಳಿಸುತ್ತದೆ, ತಿಳಿಯುವುದಿಲ್ಲ

ಹೊರಗಿನ ಶಬ್ದವು ಕಿವಿಯ ತಮಟೆಯನ್ನು ಕಂಪಿಸುತ್ತದೆ. ಅದರ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಯ ಕಾಕ್ಲಿಯ ಎಂಬ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಅಂಗಕ್ಕೆ ಒಪ್ಪಿಸುತ್ತವೆ. ಅಲ್ಲಿರುವ ಸೂಕ್ಷ್ಮ ರೋಮಕೋಶಗಳು ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುತ್ತವೆ. ಈ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ವಯಸ್ಸಿನ ಜೊತೆಗೆ ದೀರ್ಘಕಾಲದ ಗದ್ದಲ, ಕೆಲವು ಔಷಧಿಗಳು, ಮಧುಮೇಹ, ಧೂಮಪಾನ ಇವೆಲ್ಲ ಈ ನಷ್ಟಕ್ಕೆ ಕಾರಣವಾಗಬಲ್ಲವು.

ಸುರುಳಿಯ ಬುಡದಲ್ಲಿರುವ, ತಾರಸ್ವರವನ್ನು ಗ್ರಹಿಸುವ ಕೋಶಗಳು ಮೊದಲು ಸವೆಯುತ್ತವೆ. ವೃದ್ಧರ ದೂರಿನ ಅರ್ಥ ಇಲ್ಲಿದೆ. ಆ, ಓ ಮುಂತಾದ ಸ್ವರಗಳು ಮಂದ್ರವಾಗಿಯೂ ಬಲವಾಗಿಯೂ ಇರುವುದರಿಂದ ಕೇಳಿಸುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. "ಸಾಲು" ಎಂದದ್ದು "ಕಾಲು" ಎಂದೋ "ಹಾಲು" ಎಂದೋ ಕೇಳಿಸುತ್ತದೆ. ಮನೆಯವರು ಕೂಗಿ ಹೇಳಿದರೆ ಸ್ವರಗಳು ಮಾತ್ರ ಇನ್ನಷ್ಟು ಜೋರಾಗುತ್ತವೆ, ಮಾತು ಸ್ಪಷ್ಟವಾಗುವುದಿಲ್ಲ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡುವುದು ಕೂಗುವುದಕ್ಕಿಂತ ಹೆಚ್ಚು ಫಲಕಾರಿ. ದೂರದರ್ಶನವನ್ನು ಆ ಹೊತ್ತಿಗೆ ನಿಲ್ಲಿಸುವುದೂ ಒಳ್ಳೆಯದು.

ಮಾತೃಭಾಷೆಯಲ್ಲಿ ಪರೀಕ್ಷೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಮೊದಲಾದ ನಗರಗಳಲ್ಲಿ ಮಕ್ಕಳೊಡನೆ ವಾಸಿಸಲು ಊರಿನಿಂದ ಬಂದ ಹಿರಿಯರಿಗೆ ಇನ್ನೊಂದು ತೊಡಕುಂಟು. ಅವರ ಸುತ್ತಲಿನ ಮಾತು ಮರಾಠಿಯೋ ತಮಿಳೋ ಹಿಂದಿಯೋ ಆಗಿರುತ್ತದೆ. ಪರಿಚಿತ ಭಾಷೆಯಲ್ಲಿ ಅರ್ಧ ಕೇಳಿದ ಮಾತನ್ನು ಮಿದುಳು ಸಂದರ್ಭದಿಂದ ತುಂಬಿಕೊಳ್ಳುತ್ತದೆ. ಅರೆಬರೆ ತಿಳಿದ ಭಾಷೆಯಲ್ಲಿ ಆ ಅನುಕೂಲ ಇಲ್ಲ. ಹೀಗಾಗಿ ನೆರೆಹೊರೆಯವರೊಡನೆ ಬೆರೆಯದ ಅಜ್ಜಿಗೆ ಭಾಷೆ ಬಾರದೆಂದು ಮನೆಯವರು ತಿಳಿದಿರುತ್ತಾರೆ, ದೋಷವು ಕಿವಿಯಲ್ಲಿರುತ್ತದೆ.

ಶ್ರವಣ ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಶುದ್ಧ ಸ್ವರಗಳನ್ನು ಕೇಳಿಸಿ ಎಷ್ಟು ಡೆಸಿಬೆಲ್‌ನಲ್ಲಿ ಕೇಳಿಸಿತೆಂದು ಗುರುತಿಸುವ ಭಾಗಕ್ಕೆ ಭಾಷೆಯ ಹಂಗಿಲ್ಲ. ಪದಗಳನ್ನು ಕೇಳಿಸಿ ಹಿಂದಿರುಗಿ ಹೇಳಿಸುವ ಭಾಗಕ್ಕೆ ಉಂಟು. ಬಾರದ ಭಾಷೆಯ ಪದಗಳಿಂದ ಪರೀಕ್ಷಿಸಿದರೆ ಫಲಿತಾಂಶವು ಇರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. ಆದುದರಿಂದ ರೋಗಿಯ ಮಾತೃಭಾಷೆ ಕನ್ನಡವೆಂದು ಪರೀಕ್ಷಕರಿಗೆ ಮೊದಲೇ ತಿಳಿಸತಕ್ಕದ್ದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ಉದ್ದೇಶಕ್ಕಾಗಿ ಕನ್ನಡ ಪದಪಟ್ಟಿಗಳನ್ನು ರೂಪಿಸಿದೆ.

ಪರೀಕ್ಷೆಗೆ ಮುನ್ನ ಕಿವಿ, ಮೂಗು, ಗಂಟಲು ತಜ್ಞರು ಕಿವಿಯನ್ನು ನೋಡುವುದು ಅವಶ್ಯ. ಕೆಲವೊಮ್ಮೆ ಗುಗ್ಗೆ ಕಟ್ಟಿಕೊಂಡದ್ದೇ ಮಂದತೆಗೆ ಕಾರಣವಾಗಿರುತ್ತದೆ. ಅದನ್ನು ಪಿನ್ನಿನಿಂದ ಕೆದಕುವುದಾಗಲಿ, ಕಾಯಿಸಿದ ಎಣ್ಣೆ ಹಾಕುವುದಾಗಲಿ ಕೂಡದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅದು ತುರ್ತು ಪ್ರಸಂಗ. ಅಂದೇ ವೈದ್ಯರನ್ನು ಕಾಣಬೇಕು.

ಶ್ರವಣ ಸಾಧನ

ಶ್ರವಣ ಸಾಧನವು ಮೈಕ್ರೋಫೋನು, ವರ್ಧಕ ಮತ್ತು ಪುಟ್ಟ ಸ್ಪೀಕರು ಒಳಗೊಂಡ ಯಂತ್ರ. ಡಿಜಿಟಲ್ ಮಾದರಿಗಳಲ್ಲಿ ಕಿವಿಗೆ ಕಡಿಮೆಯಾಗಿರುವ ಸ್ವರಗಳನ್ನು ಮಾತ್ರ ಹೆಚ್ಚಿಸುವಂತೆ ಹೊಂದಿಸಬಹುದು. ಒಬ್ಬರಿಗೆ ಹೊಂದಿಸಿದ ಸಾಧನವನ್ನು ಇನ್ನೊಬ್ಬರು ಧರಿಸಬಾರದೆಂಬುದಕ್ಕೆ ಇದೇ ಕಾರಣ. ಕೊಂಡ ವಾರದಲ್ಲೇ ಸಾಧನವು ಪೆಟ್ಟಿಗೆ ಸೇರುವುದು ಸಾಮಾನ್ಯ ದೃಶ್ಯ. ವರ್ಷಗಟ್ಟಲೆ ಕೇಳದಿದ್ದ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಒಮ್ಮೆಲೇ ಕೇಳಿಸಿದಾಗ ಮಿದುಳಿಗೆ ಅದು ಗದ್ದಲವೆನಿಸುತ್ತದೆ. ಮೊದಲು ಶಾಂತವಾದ ಕೋಣೆಯಲ್ಲಿ ದಿನಕ್ಕೆ ಕೆಲವು ಗಂಟೆ ಧರಿಸಿ, ಕ್ರಮೇಣ ಹೆಚ್ಚಿಸಿ, ಕೆಲವು ವಾರಗಳ ನಂತರ ಮರುಹೊಂದಾಣಿಕೆಗೆ ಹೋಗುವುದು ಸರಿಯಾದ ಕ್ರಮ. ಸ್ನಾನಕ್ಕೆ ಮುನ್ನ ತೆಗೆದಿಡಬೇಕು. ಮುಂಬಯಿ, ಚೆನ್ನೈಯಂಥ ಕಡಲತೀರದ ತೇವದ ಹವೆಯಲ್ಲಿ ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿರಿಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ. ಬಿಲ್ಲೆಯಾಕಾರದ ಸೆಲ್‌ಗಳನ್ನು ನುಂಗಿದರೆ ಪ್ರಾಣಾಪಾಯವಿರುವುದರಿಂದ ಅವು ಮಕ್ಕಳ ಕೈಗೆ ಸಿಗಬಾರದು.

ಸಾಧನದಿಂದ ಮಾತು ಕೇಳುವುದಷ್ಟೇ ಲಾಭವಲ್ಲ. ಸಂಭಾಷಣೆಯಿಂದ ದೂರ ಸರಿದವರು ಒಂಟಿತನಕ್ಕೂ ಖಿನ್ನತೆಗೂ ಒಳಗಾಗುವುದುಂಟು. ಮರೆವಿನ ರೋಗಕ್ಕೂ ಶ್ರವಣದೋಷಕ್ಕೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆ ಗುಂಪಿನಲ್ಲಿ ಸಾಧನ ಧರಿಸಿದವರಿಗೂ ಇತರರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚಿನ ಅಪಾಯದಲ್ಲಿದ್ದವರಲ್ಲಿ ಬುದ್ಧಿಶಕ್ತಿಯ ಕುಸಿತವು ಶೇಕಡಾ 48ರಷ್ಟು ನಿಧಾನವಾಯಿತು. ಸಾಧನವು ಮರೆವನ್ನು ತಡೆಯುತ್ತದೆಂದು ಜಾಹೀರಾತು ಸಾರಿದರೆ ಅದನ್ನು ಪೂರ್ತಿ ನಂಬಬೇಕಾಗಿಲ್ಲ.

ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ, ಸಿಕಂದರಾಬಾದಿನಲ್ಲಿರುವ ಅದರ ಪ್ರಾದೇಶಿಕ ಕೇಂದ್ರದಲ್ಲಿಯೂ ಪರೀಕ್ಷೆಯ ಸೌಲಭ್ಯವಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವುಳ್ಳ, ನಿಗದಿತ ಆದಾಯ ಮಿತಿಯೊಳಗಿನವರು ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ ಸಾಧನವನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಪಡೆಯಬಹುದು. ಆದಾಯ ಮಿತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುವುದರಿಂದ ಅರ್ಜಿಗೆ ಮುನ್ನ ಅದನ್ನು ವಿಚಾರಿಸಿಕೊಳ್ಳಬೇಕು. ಪ್ರಮಾಣಪತ್ರಕ್ಕಾಗಿ ವಾಸವಿರುವ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು.