ಅಂಕ ಮೊದಲು, ಫೋಟೊ ಆಮೇಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದ ನಮಗೆ ಸೈಕಲ್ ರೇಸ್ ಹೊಸದಲ್ಲ. ಆದ್ರ ಬೈಕ್ ರೇಸ್‌ನಾಗ ಗೆದ್ದ ಹೆಣ್ಣುಮಕ್ಕಳ ಹೆಸರು ಕೇಳಿದ್ರ ಸುಮ್ಮನಾಗ್ತೀವಿ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಬಾಜಾ ಅಂದ್ರ ಮರಳು, ಕಲ್ಲು, ಮಣ್ಣಿನ ಮೇಲಿನ ದೂರದ ಓಟ. ಹಿಂದಿನ ವರ್ಷ ಸ್ಪೇನ್‌ನಲ್ಲಿ ಬಿದ್ದು ಅವರ ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿತ್ತು.

ಈಗ ಲೆಕ್ಕ ನೋಡೋಣ. ದುಬೈ ಮೊದಲ ಸ್ಥಾನ, 25 ಅಂಕ. ಪೋರ್ಚುಗಲ್ ಮೂರನೇದು, 16. ಸ್ಪೇನ್ ಐದನೇದು, 11. ಹಂಗೇರಿ ನಾಲ್ಕನೇದು, 13. ಒಟ್ಟು 65. ಎರಡನೇ ಸ್ಥಾನದ ರೀಟಾ ವಿಯೇರಾ ಅವರಿಗೆ 61. ಹಂಗೇರಿಯಲ್ಲಿ ಗುರಿ ಮುಟ್ಟದಿದ್ರ ಉಳೀತಿದ್ದದ್ದು 52, ಪಟ್ಟ ಹೋಗ್ತಿತ್ತು. ಗೆದ್ದದ್ದು ಒಂದೇ ಸುತ್ತು, ಕೈ ಹಿಡಿದದ್ದು ನಾಲ್ಕೂ ಸುತ್ತು.

ಬೈಕ್, ಟೈರ್, ಮೆಕ್ಯಾನಿಕ್, ಪ್ರಯಾಣ, ಎಲ್ಲಾದಕ್ಕೂ ರೊಕ್ಕ ಬೇಕು. ರೊಕ್ಕ ಪ್ರಾಯೋಜಕರದು; ಅವರು ಬರೋದು ಮಂದಿ ನೋಡಿದ್ರ. ಹಂಗಾಗಿ ಹೆಸರೂ ಇಂಧನಾನ. ಆದ್ರ “ಹುಡುಗಿ ಬೈಕ್ ಓಡಿಸ್ತಾಳ” ಅಂತ ಬೆರಗಾಗೋ ಸುದ್ದಿ ಒಂದಿನಕ್ಕ ಮುಗೀತದ. ಅಂಕ ಹೇಳೋ ಸುದ್ದಿ ಮುಂದಿನ ಸುತ್ತಿಗೂ ಓದುಗರನ್ನ ಕರ್ಕೊಂಡು ಹೋಗ್ತದ.

ನಾವು ಬರೆಯುವಾಗ ಈ ಕ್ರಮ ಇಟ್ಕೊಳ್ಳೋಣ: ವಿಭಾಗ, ಸುತ್ತು, ಸ್ಥಾನ, ಅಂಕ. ಫೋಟೊ ಕೊನೆಗೆ.